ಆಂಬ್ರೋಸನ ಎಂಜಿನ್, ಫ್ಲಾರಿಯ ಟ್ರಂಕು

ಟ್ಯಾಕ್ಲರ್ ಅಂದರೆ ಸಾಕು, ನಮ್ಮ ಕ್ಲಾಫ್‌ಡೆನ್ನಿನಲ್ಲಿ ನಗು ಮೊದಲು ಬರುತ್ತದೆ, ಮಾತು ಆಮೇಲೆ. ಗಿರಣಿಯಲ್ಲಿ ಮಗ್ಗ ಕೆಟ್ಟು ನಿಂತಾಗ ಸ್ಪ್ಯಾನರ್ ಹಿಡಿದು ಬಂದು ಸರಿಮಾಡುವವನು ಟ್ಯಾಕ್ಲರ್. ಅವನು ಕೈ ಹಾಕದಿದ್ದರೆ ನೇಯುವ ಹೆಂಗಸರ ಕೆಲಸ ಮುಂದಕ್ಕೆ ಹೋಗುವುದಿಲ್ಲ. ಇಷ್ಟು ಬೇಕಾದ ಗಂಡಸನ್ನು ಹೆಂಗಸರು ಗೇಲಿ ಮಾಡದೆ ಬಿಟ್ಟಾರೆಯೇ? ಲ್ಯಾಂಕಶೈರಿನ ಯಾವ ಗಿರಣಿಗೆ ಹೋದರೂ ಟ್ಯಾಕ್ಲರನ ಪೆದ್ದತನದ ಕಥೆ ಬುಟ್ಟಿಗಟ್ಟಲೆ ಸಿಗುತ್ತದೆ. ಹೊಸ ಕೊಡೆ ನೆನೆದು ಹಾಳಾದೀತೆಂದು ಅದನ್ನು ಕೋಟಿನೊಳಗೆ ಬಚ್ಚಿಟ್ಟುಕೊಂಡು, ತಾನು ಮಳೆಯಲ್ಲಿ ತೊಯ್ದು ತೊಪ್ಪೆಯಾಗಿ ಮನೆಗೆ ಬಂದ ಟ್ಯಾಕ್ಲರನ ಕಥೆ ಹೇಳದ ಅಜ್ಜಿ ನಮ್ಮೂರಲ್ಲಿಲ್ಲ.

ಆಂಬ್ರೋಸ್ ಕ್ಲೆಗ್ ಕಥೆಯ ಟ್ಯಾಕ್ಲರ್ ಅಲ್ಲ, ನಿಜವಾದವನು. ಐವತ್ತರ ಹತ್ತಿರದ ವಯಸ್ಸು, ಬಡಕಲು ಮೈ, ಕಿವಿಯ ಹಿಂದೆ ಸದಾ ಒಂದು ಪೆನ್ಸಿಲ್ ತುಂಡು. ಒಮ್ಮೆ ಅವನ ಅಡುಗೆಮನೆಯ ಬಾಗಿಲು ನೆಲಕ್ಕೆ ಉಜ್ಜುತ್ತಿತ್ತು. ಬಾಗಿಲನ್ನು ಕಳಚಿ, ಅಡ್ಡ ಮಲಗಿಸಿ, ಉಜ್ಜುಗೊರಡು ಹಾಕಿ ನಯವಾಗಿ ಕೆತ್ತಿದ. ಮತ್ತೆ ಕೂರಿಸಿದರೆ ಬಾಗಿಲು ಎಂದಿನಂತೆ ನೆಲ ಕೆರೆಯಿತು, ತಲೆಯ ಮೇಲಿಂದ ಮಾತ್ರ ಗಾಳಿ ಬೀಸತೊಡಗಿತು. ಕೆತ್ತಿದ್ದು ಮೇಲಿನ ಅಂಚನ್ನು! ಈ ಸುದ್ದಿ ಅವನ ಮನೆಯಿಂದ ಗಿರಣಿಯ ಗೇಟು ಮುಟ್ಟುವಷ್ಟರಲ್ಲಿ ಅವನಿಗಿಂತ ಮುಂದಿತ್ತು. ಪಾಪ, ಆಂಬ್ರೋಸ್ ನಕ್ಕವರ ಜೊತೆ ತಾನೂ ನಕ್ಕ, ಆದರೆ ಅವತ್ತು ಮಧ್ಯಾಹ್ನ ಆಲೂಗಡ್ಡೆ ಕಡುಬನ್ನು ಮುಟ್ಟದೆ ಡಬ್ಬಿ ಮುಚ್ಚಿದ. ಅದನ್ನು ಕಂಡವಳು ಒಬ್ಬಳೇ, ಫ್ಲಾರಿ ಹೇವರ್ತ್.

ಫ್ಲಾರಿ ನೇಯುವವಳು. ದುಂಡು ಮುಖ, ದುಂಡು ತೋಳು, ಬಾಯಿ ಮಾತ್ರ ಚೂರಿ. ಅವಳ ಮಗ್ಗಗಳನ್ನು ನೋಡಿಕೊಳ್ಳುತ್ತಿದ್ದವನು ಆಂಬ್ರೋಸ್. ಇಬ್ಬರೂ ಜೊತೆಯಾಗಿ ಓಡಾಡಲು ಶುರುಮಾಡಿ ಒಂಬತ್ತು ವರ್ಷವಾಗಿತ್ತು. ಭಾನುವಾರ ಪ್ರಾರ್ಥನೆಗೆ ಒಟ್ಟಿಗೆ ಹೋಗುವುದು, ಆಮೇಲೆ ಅವನ ಮನೆಯಲ್ಲಿ ಚಹಾ, ಅವಳು ಬೇಯಿಸಿ ತಂದ ಶುಂಠಿ ಕೇಕು, ಆಮೇಲೆ ಅವನು ಹಿಂದಿನ ಅಡುಗೆಮನೆಗೆ ಹೋಗಿ ಲೋಹ ಕಡೆಯುವ ಲೇತ್ ತಿರುಗಿಸುವುದು, ಇವಳು ಮುಂದಿನ ಕೋಣೆಯಲ್ಲಿ ಕಾಲುಚೀಲ ಹೊಲಿಯುತ್ತ ಆ ಕರಕರ ಸದ್ದು ಕೇಳುವುದು. ಇದಕ್ಕೆ ಪ್ರೀತಿ ಅನ್ನುತ್ತಾರೋ ಪಕ್ಕದ ಮನೆಯವರ ಪರಿಚಯ ಅನ್ನುತ್ತಾರೋ, ನೀವೇ ಹೇಳಿ.

ತಪ್ಪೆಲ್ಲ ಆ ಎಂಜಿನ್ನಿನದು. ತೋಳುದ್ದದ ಒಂದು ರೈಲೆಂಜಿನ್. ಆಟದ ಸಾಮಾನಲ್ಲ, ನಿಜವಾದ ಕಲ್ಲಿದ್ದಲು ತಿಂದು, ನಿಜವಾದ ನೀರು ಕುಡಿದು, ನಿಜವಾದ ಹಬೆ ಉಗುಳಿ ಮನುಷ್ಯರನ್ನು ಎಳೆಯುವಂಥದು. ಚಕ್ರ, ಪಿಸ್ಟನ್, ತಿರುಪುಮೊಳೆ ಸಮೇತ ಎಲ್ಲವನ್ನೂ ಅವನೇ ಅಡುಗೆಮನೆಯ ಲೇತಿನಲ್ಲಿ ಕಡೆದು ಮಾಡಬೇಕು. ಜೊತೆಯಾಗಿ ಓಡಾಡಲು ಶುರುಮಾಡಿದ ಹೊಸದರಲ್ಲಿ ಆಂಬ್ರೋಸ್ ಕೆಂಪಗಾಗಿ, ಟೋಪಿ ಹಿಂಡುತ್ತ ಹೇಳಿದ್ದ: "ಫ್ಲಾರಿ, ಈ ಎಂಜಿನ್ ತನ್ನ ಹಬೇಲಿ ತಾನೇ ಓಡಿದ ದಿನ ನಾವು ಮುಂದಿನ ಮಾತಾಡೋಣ ಕಣೇ." ಫ್ಲಾರಿ ನಂಬಿದಳು. ಬರುವ ಬೇಸಿಗೆಗೆ ಅಂದುಕೊಂಡಳು. ಬೇಸಿಗೆ ಬಂತು, ಚಕ್ರ ಬಂತು. ಮತ್ತೊಂದು ಬೇಸಿಗೆ ಬಂತು, ಚಕ್ರ ಸರಿಯಿಲ್ಲವೆಂದು ಅವನು ಹೊಸ ಚಕ್ರ ಮಾಡಿದ. ಹುಚ್ಚು ಬಿಡುವವರೆಗೆ ಮದುವೆಯಾಗದು, ಮದುವೆಯಾಗುವವರೆಗೆ ಹುಚ್ಚು ಬಿಡದು ಅಂತ ಗಾದೆ ಕಟ್ಟಿದವರು ಇವನ ಅಡುಗೆಮನೆಗೆ ಬಂದು ಹೋಗಿರಬೇಕು.

ಆ ಅಡುಗೆಮನೆಯನ್ನಾದರೂ ನೋಡಬೇಕಿತ್ತು ನೀವು. ಒಲೆಯ ಪಕ್ಕದಲ್ಲಿ ಲೇತ್, ಊಟದ ಮೇಜಿಗೆ ಕಚ್ಚಿಸಿದ, ಕಬ್ಬಿಣ ಬಿಗಿಹಿಡಿಯುವ ವೈಸ್, ಸ್ನಾನದ ತಗಡಿನ ತೊಟ್ಟಿಯಲ್ಲಿ ನೆನೆಹಾಕಿದ ಕಬ್ಬಿಣದ ತುಂಡುಗಳು. ಬ್ರೆಡ್ಡಿಗೆ ಕೈ ಹಾಕಿದರೆ ಹಿತ್ತಾಳೆಯ ಸಿಪ್ಪೆ ಬೆರಳಿಗೆ ಚುಚ್ಚುತ್ತಿತ್ತು. ಫ್ಲಾರಿಯ ಜಾಮಿನ ಚಮಚ ಒಂದು ದಿನ ಕಾಣೆಯಾಯಿತು. ಮುಂದಿನ ವಾರ ನೋಡಿದರೆ ಅದರ ಬಾಯಿ ಚಪ್ಪಟೆಯಾಗಿ, ಹಿಡಿ ಮೋಟಾಗಿ, ಎಂಜಿನ್ನಿನ ಕಲ್ಲಿದ್ದಲು ಸಲಿಕೆಯಾಗಿತ್ತು.

"ಅದು ನಮ್ಮಮ್ಮನ ಚಮಚ ಕಣೋ!"

"ಎಷ್ಟು ಚೆನ್ನಾಗಿ ಒಪ್ಪಿದೆ ನೋಡು," ಅಂದ ಆಂಬ್ರೋಸ್, ಕಣ್ಣು ಹೊಳೆಸುತ್ತ. "ಅಳತೆ ಮಾಡಿ ಮಾಡ್ಸಿದ ಹಾಗಿದೆ."

ಇಂಥವನ ಮೇಲೆ ಸಿಟ್ಟು ಮಾಡುವುದು ಹೇಗೆ? ಫ್ಲಾರಿ ನಕ್ಕುಬಿಟ್ಟಳು. ಎಂಜಿನ್ನಿಗೆ ಹೆಸರಿಡಲು ಒಂದು ಹಿತ್ತಾಳೆಯ ಫಲಕ ಎಂದೋ ತಯಾರಾಗಿತ್ತು, ಹೆಸರು ಮಾತ್ರ ಹೊಳೆದಿರಲಿಲ್ಲ. "ನಾಳೆ ಅಂತ ಇಡು, ಸರಿಹೋಗತ್ತೆ" ಅಂದಳು ಫ್ಲಾರಿ. ಅದು ಹೇಗೋ ಹೊರಗೆ ಬಿದ್ದು, ಊರಿನವರೆಲ್ಲ "ಏನಯ್ಯಾ ಆಂಬ್ರೋಸ್, ನಿನ್ನ ನಾಳೆ ಎಲ್ಲೀವರೆಗೆ ಬಂತು?" ಅಂತ ಕೇಳತೊಡಗಿದರು.

ಮಾತು ಹೊರಗೆ ಬೀಳದೆ ಉಳಿಯುವ ಊರಲ್ಲ ನಮ್ಮದು. ಅದಕ್ಕೆ ಕಾರಣವಿದೆ. ನೇಯುವ ಶೆಡ್ಡಿನಲ್ಲಿ ಸಾವಿರ ಮಗ್ಗ ಒಟ್ಟಿಗೆ ಬಡಿದುಕೊಳ್ಳುವಾಗ ಗಂಟಲು ಹರಿದುಕೊಂಡರೂ ಕೇಳಿಸುವುದಿಲ್ಲ. ಹಾಗಾಗಿ ನಮ್ಮ ಹೆಂಗಸರು ದನಿಯಿಲ್ಲದೆ, ತುಟಿಯನ್ನು ದೊಡ್ಡದಾಗಿ ಆಡಿಸಿ ಮಾತಾಡುತ್ತಾರೆ, ಎದುರಿನವರು ತುಟಿ ನೋಡಿಯೇ ತಿಳಿದುಕೊಳ್ಳುತ್ತಾರೆ. ಶೆಡ್ಡಿನ ಆ ತುದಿಯಿಂದ ಈ ತುದಿಗೆ ಹೆರಿಗೆಯ ಸುದ್ದಿಯಿಂದ ಹಿಡಿದು ಗಂಡನ ಗೊರಕೆಯವರೆಗೆ ಎಲ್ಲ ಹೀಗೇ ಸಾಗುತ್ತದೆ. ಪಾದ್ರಿಯ ಪ್ರವಚನ ನಡೆಯುವಾಗಲೂ ಬೆಂಚಿನಿಂದ ಬೆಂಚಿಗೆ ಇದೇ ಮಾತುಕತೆ, ಪಾದ್ರಿಗೆ ಮಾತ್ರ ಸಭೆ ಮೌನವಾಗಿದೆ ಅನ್ನುವ ಸಮಾಧಾನ.

ಫ್ಲಾರಿ ತನ್ನ ಕೊನೆಯ ಮಾತು ಹೇಳಿದ್ದು ಹಾಗೆಯೇ, ಮಗ್ಗಗಳ ನಡುವೆ ನಿಂತು. ಮೊರೆಕ್ಯಾಂಬಿನಲ್ಲಿ ಸಮುದ್ರದ ಎದುರು ಅವಳ ಅಕ್ಕ ಅಗ್ನೆಸಳದು ಒಂದು ಸಣ್ಣ ವಸತಿಗೃಹ. ಅಗ್ನೆಸಳಿಗೆ ಮಂಡಿನೋವು, ಮೆಟ್ಟಿಲು ಹತ್ತಲಾಗದು, ನೀನು ಬಂದು ಜೊತೆಗಿರು ಅಂತ ಕರೆಯುತ್ತಲೇ ಇದ್ದಳು. ಫ್ಲಾರಿ ಎಷ್ಟು ಸಲ ಇಲ್ಲ ಅಂದಾಳು? ಆ ವಸಂತದಲ್ಲಿ ಒಂದು ದಿನ ಆಂಬ್ರೋಸ್ ಅವಳ ಮಗ್ಗದ ಕೆಳಗೆ ಮಲಗಿ ಏನೋ ಬಿಗಿಗೊಳಿಸಿ ಎದ್ದು ನಿಂತಾಗ, ಅವಳು ಅವನ ಮುಖಕ್ಕೆ ಮುಖ ಕೊಟ್ಟು ತುಟಿ ಆಡಿಸಿದಳು.

"ವೇಕ್ಸ್ ರಜೆಯ ಶನಿವಾರ ನಿನ್ನ ಎಂಜಿನ್ ಓಡಿದ್ರೆ ನಾನು ಇಲ್ಲೇ ಇರ್ತೀನಿ. ಓಡ್ಲಿಲ್ವೋ, ಟ್ರಂಕು ಹಿಡ್ಕೊಂಡು ಅಕ್ಕನ ಮನೆಗೆ ಹೋಗ್ತೀನಿ. ಮತ್ತೆ ಬರಲ್ಲ."

ಆಂಬ್ರೋಸ್ ಕೋಲೆಬಸವನ ಹಾಗೆ ತಲೆಯಾಡಿಸಿದ. ಫ್ಲಾರಿ ತಿರುಗಿ ನೋಡಿದರೆ ಸಾಲಿಗೆ ಸಾಲೇ ಹೆಂಗಸರು ನೂಲು ಬಿಟ್ಟು ಇವರನ್ನೇ ನೋಡುತ್ತಿದ್ದಾರೆ. ಪಕ್ಕದ ಮಗ್ಗದ ಬೆಸ್ಸಿ, ಫ್ಲಾರಿಯ ಗೆಳತಿ, ಊರಿಗೇ ದೊಡ್ಡ ಬಾಯಿಯವಳು, ಆಗಲೇ ಆ ಕಡೆ ತಿರುಗಿ ಸುದ್ದಿಯನ್ನು ಮುಂದಿನ ಸಾಲಿಗೆ ದಾಟಿಸುತ್ತಿದ್ದಳು.

ಮುಗಿಸದೆ ಇರುವುದರಲ್ಲಿ ಆಂಬ್ರೋಸನಿಗೆ ಒಂದು ಸುಖವಿತ್ತು, ಅದನ್ನು ಫ್ಲಾರಿ ತಿಳಿದಿದ್ದಳು. ಮುಗಿದ ಎಂಜಿನ್ನನ್ನು ನೋಡಿ ಜನ ನಗಬಹುದು. ಮುಗಿಯದಿದ್ದನ್ನು ನೋಡಿ ನಗುವುದು ಹೇಗೆ? ಇನ್ನೂ ಕೆಲಸವಿದೆ ಅಂದರಾಯಿತು. ಹುಟ್ಟಿದಾಗಿನಿಂದ ನಗೆಗೀಡಾದವನು, ಇನ್ನೊಂದು ನಗೆಗೆ ಹೆದರಿ ಕೂತಿದ್ದ. ಅಷ್ಟೇ ವಿಷಯ. ಹೆಂಡತಿಯನ್ನು ಬೇಡವೆನ್ನುವ ಗಂಡಸಲ್ಲ ಅವನು. ಆದರೆ ಹೆದರಿಕೆಗೂ ಒಂದು ಮಿತಿ ಬೇಡವೇ? ನನ್ನ ಕೂದಲು ಬೆಳ್ಳಗಾಗುವುದು ಯಾರ ಅಪ್ಪನಿಗೆ ಕಾಯುತ್ತದೆ ಅಂತ ಫ್ಲಾರಿ ತೋಳು ಮಡಿಸಿ ತಾನೇ ಅಡುಗೆಮನೆಗೆ ನುಗ್ಗಿದಳು.

ಉಳಿದಿದ್ದ ದೊಡ್ಡ ಕೆಲಸ ಬಾಯ್ಲರ್. ತಾಮ್ರದ ಹಾಳೆ ಸುತ್ತಿ ಮಾಡಿದ ಉರುಳೆ, ಒಳಗೆ ಸಾಲು ಕೊಳವೆ. ಅದರ ಕೂಡಿಕೆಗಳಿಗೆಲ್ಲ ಬೆಳ್ಳಿಯ ಬೆಸುಗೆ ಹಾಕಬೇಕು. ಇದರಲ್ಲಿ ಒಂದು ತೊಡಕಿದೆ. ತಾಮ್ರ ಬಿಸಿಯನ್ನು ಕುಡಿದುಬಿಡುತ್ತದೆ. ಒಂದು ಕಡೆ ಬೆಂಕಿ ಹಿಡಿದರೆ ಇನ್ನೊಂದು ಕಡೆ ತಣ್ಣಗಾಗುತ್ತದೆ. ಇಡೀ ಬಾಯ್ಲರ್ ಒಂದೇ ಸಲ ಕೆಂಪಗೆ ಕಾಯಬೇಕು, ಅಂದರೆ ಉರಿ ಉಗುಳುವ ಎರಡು ಬ್ಲೋಲ್ಯಾಂಪು ಬೇಕು, ಎರಡಕ್ಕೆ ಎರಡು ಜನ ಬೇಕು. ಆಂಬ್ರೋಸ್ ಮೂರು ವರ್ಷದಿಂದ ಆ ಎರಡನೆಯ ಜನಕ್ಕಾಗಿ ಯೋಚಿಸುತ್ತಿದ್ದನಂತೆ.

"ಮುಂದಿನ ಕೋಣೇಲಿ ಕೂತಿದ್ನಲ್ಲೋ ನಾನು!" ಅಂದಳು ಫ್ಲಾರಿ.

"ನಿನ್ನ ಕೈ ಸುಟ್ಟೀತು ಅಂತ..."

"ಸುಟ್ರೆ ಸುಡ್ಲಿ. ಕೊಡು ಇಲ್ಲಿ."

ಹಿತ್ತಿಲಲ್ಲಿ ಇಟ್ಟಿಗೆ ಜೋಡಿಸಿ, ಕೋಕ್ ಕಲ್ಲಿದ್ದಲು ಹರಡಿ, ಬಾಯ್ಲರನ್ನು ಅದರಲ್ಲಿ ಹೂತು, ಆ ಕಡೆಯಿಂದ ಅವನು ಈ ಕಡೆಯಿಂದ ಇವಳು ಬೆಂಕಿ ಹಿಡಿದರು. ಎರಡು ಲ್ಯಾಂಪೂ ಬುಸುಗುಟ್ಟಿದವು. ಫ್ಲಾರಿಯ ಮುಖ ಕೆಂಡವಾಯಿತು, ಮುಂಗುರುಳು ಚುರುಗುಟ್ಟಿತು, ಒಂದು ಹುಬ್ಬು ಅರ್ಧ ಹೋಯಿತು. ತಾಮ್ರ ಕಪ್ಪಾಯಿತು, ಕಂದಾಯಿತು, ನಿಧಾನವಾಗಿ ಒಳಗಿನಿಂದ ಕೆಂಪೇರಿತು. "ಈಗ!" ಅಂದ ಆಂಬ್ರೋಸ್. ಬೆಳ್ಳಿಯ ಕಡ್ಡಿಯನ್ನು ಕೂಡಿಕೆಗೆ ಮುಟ್ಟಿಸಿದ. ಅಬ್ಬಾ! ಅದು ಮುಟ್ಟಿದ್ದೇ ತಡ ಕರಗಿ, ಹೊಳೆಯುವ ಎಳೆಯಾಗಿ ಕೂಡಿಕೆಯ ಸುತ್ತ ಓಡಿ, ತನ್ನ ಬಾಲವನ್ನು ತಾನೇ ಹಿಡಿಯಿತು. ಇಷ್ಟು ವರ್ಷ ನೇಯ್ದರೂ ಫ್ಲಾರಿ ಅಂಥ ಎಳೆ ಕಂಡಿರಲಿಲ್ಲ.

"ಇನ್ನೊಂದ್ಸಲ ಮಾಡೋ! ಇನ್ನೊಂದ್ಸಲ!" ಅಂತ ಅವಳು ಲ್ಯಾಂಪು ಹಿಡಿದೇ ಕುಣಿದಳು.

ಆಂಬ್ರೋಸ್ ಅವಳನ್ನೇ ನೋಡುತ್ತ ನಿಂತ. ಮಸಿ ಮುಖ, ಅರ್ಧ ಹುಬ್ಬು, ಬೆವರು. ಲ್ಯಾಂಪು ಕೆಳಗಿಟ್ಟ. "ಫ್ಲಾರಿ," ಅಂದ.

"ಹೂಂ?"

"ಆ... ಇಕ್ಕಳ ಕೊಡು."

ಫ್ಲಾರಿ ಇಕ್ಕಳ ಕೊಟ್ಟಳು. ಅವನ ತಲೆಯ ಮೇಲೆ ಅದನ್ನು ಎತ್ತಿಹಾಕಲಿಲ್ಲ, ಅದು ಅವಳ ದೊಡ್ಡತನ.

ಬಾಯ್ಲರ್ ಮುಗಿದರೆ ಸಾಲದು, ಅದನ್ನು ಎಂಜಿನ್ ಸಂಘದ ಪರೀಕ್ಷಕ ಜೇಬೆಜ್ ಪಿಲಿಂಗ್ ಒಪ್ಪಬೇಕು. ಊರ ಉದ್ಯಾನದಲ್ಲಿ ಎಂಜಿನ್ ಕಟ್ಟುವವರ ಸಂಘದ ಹಳಿ ಇದೆ, ನೆಲದಿಂದ ಮೊಣಕಾಲೆತ್ತರದಲ್ಲಿ ಕಂಬಗಳ ಮೇಲೆ ಸುತ್ತು ಹೊಡೆಯುವ ಹಳಿ. ಪಿಲಿಂಗ್ ಪರೀಕ್ಷೆ ಮಾಡದ ಬಾಯ್ಲರ್ ಆ ಹಳಿಯ ಹತ್ತಿರ ಸುಳಿಯುವಂತಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಈ ಪಿಲಿಂಗನ ಕಸುಬು ಶವಸಂಸ್ಕಾರ. ಒಂದು ಮಣ್ಣು ಮುಗಿಸಿ ನೇರವಾಗಿ ಕಪ್ಪು ಕೋಟು, ಎತ್ತರದ ಟೋಪಿಯಲ್ಲೇ ಆಂಬ್ರೋಸನ ಅಡುಗೆಮನೆಗೆ ಬಂದ. ಬಾಯ್ಲರಿಗೆ ಭರ್ತಿ ನೀರು ತುಂಬಿ, ಪಂಪು ಒತ್ತಿ ಒತ್ತಿ, ಕೆಲಸದ ಒತ್ತಡಕ್ಕೆ ಎರಡು ಪಟ್ಟು ಏರಿಸಿ, ಮುಳ್ಳನ್ನು ನೋಡುತ್ತ ಕೂತ. ಮಿಸುಕಲಿಲ್ಲ, ಚಹಾ ಮುಟ್ಟಲಿಲ್ಲ.

ಬಾಗಿಲಲ್ಲಿ ಇಣುಕುತ್ತಿದ್ದ ಬೆಸ್ಸಿ ಸುಮ್ಮನಿರುತ್ತಾಳೆಯೇ? "ಒಡೆದ್ರೂ ಪಿಲಿಂಗ್‌ನೋರಿಗೇನು ನಷ್ಟ? ಗಿರಾಕಿ ಇಲ್ಲೇ ರೆಡಿ," ಅಂದಳು.

ಪಿಲಿಂಗ್ ನಗಲಿಲ್ಲ. ಮುಳ್ಳು ಇಳಿಯಲಿಲ್ಲ. ಕೊನೆಗೆ ಅವನು ಎದ್ದು, ಸತ್ತವರ ಮನೆಯವರ ಕೈ ಹಿಡಿಯುವ ಹಾಗೆ ಆಂಬ್ರೋಸನ ಕೈ ಹಿಡಿದು, "ಪಾಸು," ಅಂದ. ಫ್ಲಾರಿ ಶುಂಠಿ ಕೇಕಿನ ದೊಡ್ಡ ತುಂಡನ್ನೇ ಅವನ ಬಾಯಿಗೆ ತುರುಕಿದಳು.

ಆಮೇಲೆ ಚಕ್ರಗಳ ಸರದಿ. ಬಾಯ್ಲರ್ ಕೂರಿಸುವ ಮೊದಲು ಕೆಳಗಿನ ಭಾಗವನ್ನು ಹಬೆಯ ಬದಲು ಪಂಪಿನ ಗಾಳಿಯಲ್ಲಿ ಓಡಿಸಿ ನೋಡುವುದು ವಾಡಿಕೆ. ಚಕ್ರ ಮೇಜಿಗೆ ತಾಗಬಾರದಲ್ಲ, ಹಾಗಾಗಿ ಆಂಬ್ರೋಸ್ ಅದನ್ನು ತಲೆಕೆಳಗಾಗಿ, ನಾಲ್ಕು ಕಾಲು ಮೇಲೆ ಮಾಡಿದ ಆಮೆಯ ಹಾಗೆ, ಟವೆಲ್ ಸುತ್ತಿದ ಇಟ್ಟಿಗೆಗಳ ಮೇಲೆ ಮಲಗಿಸಿದ. ಬ್ರೆಡ್ಡಿನ ವ್ಯಾನಿನವನಿಂದ ಕಾಲಿನಲ್ಲಿ ತುಳಿಯುವ ಟಯರ್ ಪಂಪು ತಂದದ್ದಾಯಿತು. ತುಳಿಯುವವಳು ಫ್ಲಾರಿ. ಸ್ಕರ್ಟು ಎತ್ತಿಕಟ್ಟಿ ತುಳಿದಳು, ತುಳಿದಳು. ಪಿಸ್ಟನ್ ಒಮ್ಮೆ ಅಲುಗಿತು, ಸುಮ್ಮನಾಯಿತು, ಮತ್ತೆ ಅಲುಗಿತು, ಆಮೇಲೆ ಟಕ ಟಕ ಟಕ ಟಕ! ಆರೂ ಚಕ್ರ ಗಿರಗಿರನೆ ತಿರುಗಿದವು.

"ಮುಂದಕ್ಕೆ ಓಡ್ತಿದೆ!" ಅಂತ ಕೂಗಿದ ಆಂಬ್ರೋಸ್, ಚಕ್ರದ ಮೇಲ್ಭಾಗ ಮೂತಿಯ ಕಡೆಗೆ ಹೋಗುವುದನ್ನು ತೋರಿಸುತ್ತ.

"ಮುಂದಕ್ಕೇ, ಮುಂದಕ್ಕೇ!" ಅಂತ ಕೂಗಿದಳು ಫ್ಲಾರಿ, ತುಳಿಯುತ್ತಲೇ.

ಆಂಬ್ರೋಸ್ ಅಲ್ಲೇ, ಆ ಖುಷಿಯಲ್ಲೇ, ಎಂಜಿನ್ನನ್ನು ಮುಂದಕ್ಕೂ ಹಿಂದಕ್ಕೂ ತಿರುಗಿಸುವ ಹಿಡಿಯನ್ನು ಅದಕ್ಕೆ ತಕ್ಕಂತೆ ಜೋಡಿಸಿ ಪಿನ್ನು ಬಡಿದ. ಹಿಡಿ ಮುಂದೆ ತಳ್ಳಿದರೆ ಮುಂದಕ್ಕೆ, ಹಿಂದೆ ಎಳೆದರೆ ಹಿಂದಕ್ಕೆ. ಇಬ್ಬರೂ ಕೈ ಹಿಡಿದುಕೊಂಡು ಮೇಜಿನ ಸುತ್ತ ಕುಣಿದರು, ಫ್ಲಾರಿಯ ಚಪ್ಪಲಿ ಹಾರಿ ತೊಟ್ಟಿಗೆ ಬಿತ್ತು. ಅವನು ಬಾಗಿಲು ಕೆತ್ತಿದ ಕಥೆ ಆ ಹೊತ್ತಿನಲ್ಲಿ ಯಾರಿಗೂ ನೆನಪಾಗಲಿಲ್ಲ.

ಅಷ್ಟಾದರೂ ವೇಕ್ಸ್ ಹತ್ತಿರ ಬಂದಂತೆ ಅವನ ಗೊಣಗಾಟ ಶುರುವಾಯಿತು. ಎಂಜಿನ್ನಿನ ದೀಪದ ಕೊಕ್ಕೆ ಇನ್ನೂ ಆಗಿಲ್ಲ, ಮೆಟ್ಟಿಲಿಗೆ ಅರ ಹಾಕಬೇಕು, ಬಣ್ಣ ಇನ್ನೊಂದು ಕೈ ಬೇಕು. ಫ್ಲಾರಿ ಅವನ ಅರಗಳನ್ನೆಲ್ಲ ಬಾಚಿ ಉಪಕರಣದ ಪೆಟ್ಟಿಗೆಗೆ ಹಾಕಿ, ಮುಚ್ಚಿ, ಅದರ ಮೇಲೆ ಕೂತಳು. "ಬಟ್ಟೆ ನೇಯ್ದ ಮೇಲೆ ಮಗ್ಗದಿಂದ ಇಳಿಸ್ಬೇಕು ಮಾರಾಯಾ. ಇಳಿಸ್ದೇ ಇದ್ರೆ ಅದನ್ನ ಯಾರು ಉಡ್ತಾರೆ?" ಅಂದಳು. ಅವನು ಬಣ್ಣದ ಡಬ್ಬಿಗೆ ಕೈ ಹಾಕಿದ. ಅವಳು ಮನೆಗೆ ಹೋಗಿ ಟ್ರಂಕಿಗೆ ಬಟ್ಟೆ ತುಂಬಿದಳು. ತುಂಬುವಾಗ ಅಳು ಬಂತು, ಅತ್ತಳು, ಮೂಗು ಒರೆಸಿಕೊಂಡು ಬೀಗ ಹಾಕಿದಳು.

ವೇಕ್ಸ್ ಶನಿವಾರವೆಂದರೆ ನಮ್ಮೂರಿನಲ್ಲಿ ಗಿರಣಿಗಳೆಲ್ಲ ಒಂದು ವಾರಕ್ಕೆ ಬಾಯಿ ಮುಚ್ಚುವ ದಿನ. ಚಿಮಣಿಗಳಲ್ಲಿ ಹೊಗೆಯಿಲ್ಲ, ಎದುರಿನ ಗುಡ್ಡ ಕಾಣುತ್ತದೆ, ಅದರ ಮೇಲಿನ ಕುರಿಗಳೂ ಕಾಣುತ್ತವೆ. ಊರಿಗೆ ಊರೇ ಟ್ರಂಕು, ಮಕ್ಕಳು, ಮರಳಾಟದ ಬಕೆಟ್ಟು ಹೊತ್ತು ಸಮುದ್ರದ ಕಡೆಯ ಸ್ಪೆಶಲ್ ರೈಲಿಗೆ ಹೊರಡುತ್ತದೆ. ಉದ್ಯಾನವಿರುವುದು ಸ್ಟೇಷನ್ನಿನ ಬೆನ್ನಿಗೆ. ರೈಲಿಗೆ ಕಾಯುವ ಜನರೆಲ್ಲ ಹಳಿಯ ಸುತ್ತ ಸಾಮಾನಿನ ಮೇಲೆ ಕೂತಿದ್ದರು. ಶೆಡ್ಡಿನ ಹೆಂಗಸರಂತೂ ಹಳಿಯ ಪಕ್ಕದ ಉದ್ದ ಬೆಂಚನ್ನು ಹಿಡಿದಿದ್ದರು, ನಡುವೆ ಬೆಸ್ಸಿ. ಎಲ್ಲರಿಗೂ ವಿಷಯ ಗೊತ್ತು. ಎಲ್ಲರ ಕಣ್ಣೂ ಒಮ್ಮೆ ಎಂಜಿನ್ ಮೇಲೆ, ಒಮ್ಮೆ ಫ್ಲಾರಿಯ ಟ್ರಂಕಿನ ಮೇಲೆ.

ಆಂಬ್ರೋಸ್ ಬೆಂಕಿ ಹಾಕಿದ. ಜಾಮಿನ ಚಮಚದಲ್ಲಿ ಕಲ್ಲಿದ್ದಲು ಹಾಕಿದ, ಅರ್ಧ ನೆಲಕ್ಕೆ ಬಿತ್ತು. ಹೊಗೆ ಎದ್ದಿತು, ನೀರು ಗುನುಗಿತು, ಒತ್ತಡದ ಮುಳ್ಳು ಸೊನ್ನೆ ಬಿಟ್ಟು ಹೊರಟಿತು. ಹಸಿರು ಬಣ್ಣ, ಕೆಂಪು ಗೆರೆ, ಹಿತ್ತಾಳೆಯ ಗುಮ್ಮಟ, ಬಿಸಿಲಿಗೆ ಲಕಲಕ. ಎಷ್ಟು ಚೆಂದ ಇತ್ತೆಂದರೆ ಬೆಸ್ಸಿಯೂ ಒಂದು ಗಳಿಗೆ ಬಾಯಿ ಮುಚ್ಚಿದ್ದಳು. ಎಂಜಿನ್ನಿನ ಹಿಂದೆ ಒಂದು ಉದ್ದನೆಯ ಗಾಡಿ, ಕುದುರೆ ಏರಿದ ಹಾಗೆ ಕಾಲು ಇಳಿಬಿಟ್ಟು ಕೂರುವಂಥದು. ಅದರ ಮುಂದೆ ಆಂಬ್ರೋಸ್ ಕೂತ. ಮೊದಲ ಓಟಕ್ಕೆ ಪರೀಕ್ಷಕ ಜೊತೆಗಿರಬೇಕು ಅನ್ನುವುದು ಸಂಘದ ನಿಯಮ, ಹಾಗಾಗಿ ಪಿಲಿಂಗ್ ಅದೇ ಎತ್ತರದ ಟೋಪಿಯಲ್ಲಿ ಹಿಂದಿನ ತುದಿಯಲ್ಲಿ ಕೂತ. ಅವನ ಬೆನ್ನಿಗೆ, ಹಳಿಗೆ ತಾಗಿಯೇ, ಸಂಘದ ಚಹಾದ ಮೇಜು.

ಆಂಬ್ರೋಸ್ ಫ್ಲಾರಿಯನ್ನು ನೋಡಿದ. ಹಿಡಿಯನ್ನು ಮುಂದಕ್ಕೆ ತಳ್ಳಿದ. ಹಬೆ ಬಿಟ್ಟ.

ಎಂಜಿನ್ ಭುಸ್ ಅಂದಿತು, ಒಮ್ಮೆ ಜಗ್ಗಿತು, ಧಡಾರನೆ ಹಿಂದಕ್ಕೆ ಓಡಿತು!

ಗಾಡಿ ಹೋಗಿ ಚಹಾದ ಮೇಜಿಗೆ ಗುದ್ದಿತು. ಪಿಲಿಂಗ್ ಮೇಜಿನ ಮೇಲೆ, ಮೇಜು ನೆಲದ ಮೇಲೆ, ಟೋಪಿ ಹಾಲಿನ ಪಾತ್ರೆಯಲ್ಲಿ. ತಲೆಕೆಳಗಾಗಿದ್ದ ಎಂಜಿನ್ನಿನ ಚಕ್ರ ಮೇಲ್ಗಡೆಯಲ್ಲಿ ಮುಂದಕ್ಕೆ ಹೋದರೆ, ನೆಟ್ಟಗೆ ನಿಲ್ಲಿಸಿದಾಗ ಅದೇ ಅಂಚು ಕೆಳಗೆ ಬಂದು, ಹಳಿಯನ್ನು ಮುಂದಕ್ಕೆ ಒತ್ತಿ, ಎಂಜಿನ್ನನ್ನು ಹಿಂದಕ್ಕೇ ನೂಕುವುದಲ್ಲವೇ? ಆ ಸಣ್ಣ ವಿಷಯ ಟ್ಯಾಕ್ಲರನಿಗೂ ಹೊಳೆದಿರಲಿಲ್ಲ, ಪಂಪು ತುಳಿದವಳಿಗೂ ಹೊಳೆದಿರಲಿಲ್ಲ.

ಊರು ನಕ್ಕಿತು. ಅದೇನು ನಗು! ಬೆಂಚಿನ ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. "ಬಾಗಿಲು! ಮತ್ತೆ ಬಾಗಿಲು ಕೆತ್ತಿದಾನೆ ಕಣ್ರೇ!" ಅಂತ ಬೆಸ್ಸಿ ಹೊಟ್ಟೆ ಹಿಡಿದುಕೊಂಡಳು. ಸ್ಟೇಷನ್ನಿನ ಪೋರ್ಟರು ಕೂಡ ಬೇಲಿಯ ಮೇಲೆ ಜೋತುಬಿದ್ದು ನಕ್ಕ.

ಆಂಬ್ರೋಸ್ ಹಬೆ ನಿಲ್ಲಿಸಿದ. ಮುಖ ಸುಣ್ಣದ ಗೋಡೆ. ಇಳಿದು ಬಂದು ಎಂಜಿನ್ನಿನ ಎರಡು ತುದಿಗೆ ಕೈ ಹಾಕಿ, ಬಿಸಿಗೆ ಚುರುಕ್ಕೆಂದು ಕೈ ತೆಗೆದ. "ಮನೆಗೆ ತಗೊಂಡ್ಹೋಗ್ತೀನಿ ಫ್ಲಾರಿ," ಅಂದ, ಅವಳ ಕಡೆ ನೋಡದೆ. "ಎಲ್ಲಾ ಬಿಚ್ಚಿ ಸರಿ ಮಾಡ್ತೀನಿ. ಮುಂದಿನ ವರ್ಷ..."

ಫ್ಲಾರಿ ಟ್ರಂಕು ಎತ್ತಿಕೊಂಡಳು. ಅವಳು ನಗುವವರ ನಡುವೆ ದಾಟಿಕೊಂಡು ಬಂದು, ಅದನ್ನು ಕೆಳಗಿಳಿಸಿ, ಅವನ ಎದುರು ನಿಂತಳು.

"ಆಂಬ್ರೋಸ್, ನೀನು ನನಗೇನು ಹೇಳಿದ್ದೆ? ಎಂಜಿನ್ ಓಡಿದ ದಿನ ಅಂದಿದ್ದೆ. ಓಡ್ತೋ ಇಲ್ವೋ?"

"ಓಡ್ತು. ಆದ್ರೆ ಹಿಂದಕ್ಕೆ..."

"ಹಿಂದಕ್ಕೆ ಓಡಿದ್ರೂ ಓಟಾನೇ. ಹಿಡೀನ ಆ ಕಡೆ ಬದಲು ಈ ಕಡೆ ಎಳಿ, ಮುಂದಕ್ಕೆ ಓಡತ್ತೆ."

"ಎಲ್ರೂ ನಗ್ತಿದಾರೆ ಕಣೇ."

"ನಗ್ಲಿ! ಒಂಬತ್ತು ವರ್ಷದಿಂದ ನನ್ನ ನೋಡಿ ನಗ್ತಿದಾರೆ. ಎಂಜಿನ್‌ಗೆ ಕಾಯ್ಕೊಂಡು ಕೂತೋಳು ಅಂತ. ನಾನು ಸತ್ತೆನಾ?"

ಇದನ್ನು ಅವನು ಎಂದೂ ಯೋಚಿಸಿರಲಿಲ್ಲ. ಅವನ ಮುಖ ನೋಡಿದರೆ ಗೊತ್ತಾಗುತ್ತಿತ್ತು. ನಗು ತನ್ನೊಬ್ಬನ ಪಾಲಿಗೆ ಬಂದದ್ದು ಅಂದುಕೊಂಡಿದ್ದ. ಇಷ್ಟು ವರ್ಷ ಅದರಲ್ಲಿ ಅರ್ಧವನ್ನು ಇವಳು ತಿಂದಿದ್ದಾಳೆ, ತಿಂದು ಶುಂಠಿ ಕೇಕು ಬೇಯಿಸಿ ತಂದಿದ್ದಾಳೆ. ಫ್ಲಾರಿ ಟ್ರಂಕಿನ ಹಿಡಿಗೆ ಕೈ ಹಾಕಿದಳು. ಸ್ಟೇಷನ್ನಿನಲ್ಲಿ ಸ್ಪೆಶಲ್ ಬಂದು ನಿಂತ ಸದ್ದು ಕೇಳಿಸಿತು.

ಆಂಬ್ರೋಸ್ ಬಾಯಿ ತೆರೆದ. ಅದೇ ಗಳಿಗೆಗೆ, ಹಬೆ ನಿಲ್ಲಿಸಿದರೂ ಬೆಂಕಿ ಉರಿಯುತ್ತಲೇ ಇದ್ದ ಎಂಜಿನ್ನಿನ ಒತ್ತಡ ಮಿತಿ ಮೀರಿ ಸೇಫ್ಟಿ ವಾಲ್ವ್ ಎದ್ದಿತು. ಶ್ಶ್ಶ್ಶ್ ಎಂದು ಬಿಳಿ ಹಬೆ ಮರದೆತ್ತರ ಚಿಮ್ಮಿತು. ಕಿವಿ ಗಡಚಿಕ್ಕುವ ಸದ್ದು, ಯಾರ ಮಾತೂ ಯಾರಿಗೂ ಕೇಳದು. ಆ ಸದ್ದಿನ ಮರೆ ಸಿಕ್ಕಿತೆಂದೋ ಏನೋ, ಆಂಬ್ರೋಸ್ ಫ್ಲಾರಿಯ ಮುಖಕ್ಕೆ ಮುಖ ಕೊಟ್ಟು, ಶೆಡ್ಡಿನಲ್ಲಿ ಮಾತಾಡುವ ಹಾಗೆ, ದನಿಯಿಲ್ಲದೆ, ತುಟಿ ಬಿಡಿಸಿ ಬಿಡಿಸಿ ಹೇಳಿದ.

ಬೆಂಚಿನ ನಗು ಕತ್ತರಿಸಿದ ಹಾಗೆ ನಿಂತಿತು. ಸಾಲಿಗೆ ಸಾಲೇ ಹೆಂಗಸರ ಬಾಯಿ ತೆರೆದುಕೊಂಡಿತು. ತುಟಿ ಓದದವರು ಯಾರಿದ್ದಾರೆ ಅಲ್ಲಿ! ಬೆಸ್ಸಿ ಎರಡು ಕೈಯನ್ನೂ ಕೆನ್ನೆಗೆ ಒತ್ತಿಕೊಂಡಳು.

ಫ್ಲಾರಿಯೂ ಓದಿದಳು. ಗಿರಣಿಯ ಅಂಗಳದ ಆಚೆ ತುದಿಯಲ್ಲಿ ಆಡಿದ ಗುಟ್ಟನ್ನು ಓದಬಲ್ಲ ಕಣ್ಣು ಅವಳದು. ಆದರೂ ಆ ಹೆಂಗಸು ಕಿವಿಯ ಹಿಂದೆ ಕೈಯಿಟ್ಟು, ಹುಬ್ಬು ಗಂಟಿಕ್ಕಿ, ತಲೆಯಾಡಿಸಿದಳು. ಏನಂದೆ? ತಿಳೀಲಿಲ್ಲ. ಒಂಬತ್ತು ವರ್ಷ ಕಾಯಿಸಿದವನಿಂದ ಅದನ್ನು ಕಿವಿಯಲ್ಲಿ ಕೇಳದೆ ಬಿಟ್ಟಾಳೆಯೇ!

ಆಂಬ್ರೋಸ್ ಟೋಪಿ ತೆಗೆದು ನೆಲಕ್ಕೆ ಎಸೆದ. ಎದೆ ತುಂಬ ಉಸಿರು ಎಳೆದುಕೊಂಡ. ಹಬೆಯ ಸದ್ದನ್ನು ಮೀರಿಸಲು ಗಂಟಲ ನರ ಉಬ್ಬಿಸಿ ಕೂಗಿದ. ಕೂಗು ಹೊರಬೀಳುವುದಕ್ಕೂ ಒತ್ತಡ ಇಳಿದು ವಾಲ್ವ್ ಟಪ್ಪೆಂದು ಮುಚ್ಚಿಕೊಳ್ಳುವುದಕ್ಕೂ ಸರಿಹೋಯಿತು.

"ನನ್ನ ಮದ್ವೆ ಆಗ್ತೀಯೇನೇ ಫ್ಲಾರೀ!"

ಆ ಮೌನದಲ್ಲಿ ಅದು ಉದ್ಯಾನ ದಾಟಿತು, ಸ್ಟೇಷನ್ ದಾಟಿತು, ಗುಡ್ಡಕ್ಕೆ ಬಡಿದು ವಾಪಸು ಬಂದಿತು. ಸ್ಪೆಶಲ್ ರೈಲಿನ ಕಿಟಕಿಗಳಿಂದ ತಲೆಗಳು ಹೊರಬಂದವು. ಆಂಬ್ರೋಸ್ ಕಿವಿಯವರೆಗೆ ಕೆಂಪಗಾಗಿ ನಿಂತಿದ್ದ, ಆದರೆ ನಿಂತಿದ್ದ, ಓಡಲಿಲ್ಲ.

ಫ್ಲಾರಿ ಉತ್ತರ ಕೊಟ್ಟಳು. ದನಿಯಿಲ್ಲದೆ, ತುಟಿ ಮಾತ್ರ ಆಡಿಸಿದಳು.

ಬೆಂಚು ಎದ್ದು ಕುಣಿಯಿತು. ಟೋಪಿಗಳು, ಬಕೆಟ್ಟುಗಳು ಹಾರಿದವು, ಬೆಸ್ಸಿ ಅಳುತ್ತ ನಗುತ್ತ ಸಿಕ್ಕಿದವರನ್ನೆಲ್ಲ ತಬ್ಬಿಕೊಂಡಳು, ಪೋರ್ಟರನನ್ನೂ ಬಿಡಲಿಲ್ಲ. ಅಷ್ಟರಲ್ಲಿ ಸ್ಪೆಶಲ್ ಸೀಟಿ ಹಾಕಿತು. ಅಯ್ಯಯ್ಯೋ ಅನ್ನುತ್ತ ಎಲ್ಲರೂ ಟ್ರಂಕು ಮಕ್ಕಳು ಎಳೆದುಕೊಂಡು ಸ್ಟೇಷನ್ನಿಗೆ ದೌಡಾಯಿಸಿದರು. ಹುಟ್ಟಿದಾಗಿನಿಂದ ಗಿರಣಿಯ ಒಳಗೆ ಕಾಲಿಡದ ಪಿಲಿಂಗ್, ಹಾಲು ಸುರಿಯುವ ಟೋಪಿ ಕೈಯಲ್ಲಿ ಹಿಡಿದು ಓಡುವವರ ಹಿಂದೆ ಓಡಿದ. "ಏನಂದ್ಲು? ರೀ, ಏನಂದ್ಲು ಅವಳು?" ಯಾರೂ ನಿಂತು ಹೇಳಲಿಲ್ಲ.

ಫ್ಲಾರಿ ಟ್ರಂಕನ್ನು ಎತ್ತಿ ಗಾಡಿಯ ಹಿಂದಿನ ತುದಿಗೆ, ಪಿಲಿಂಗನ ಜಾಗದಲ್ಲಿ ಇಟ್ಟಳು. ಸ್ಕರ್ಟು ಒಟ್ಟುಮಾಡಿಕೊಂಡು ಆಂಬ್ರೋಸನ ಬೆನ್ನಿಗೆ ಕೂತು, ಎರಡೂ ತೋಳಿನಿಂದ ಅವನ ಸೊಂಟ ಹಿಡಿದಳು. ಅವನು ಜಾಮಿನ ಚಮಚದಲ್ಲಿ ಇನ್ನಿಷ್ಟು ಕಲ್ಲಿದ್ದಲು ಹಾಕಿದ. ಈಗ ಒಂದು ಚೂರೂ ನೆಲಕ್ಕೆ ಬೀಳಲಿಲ್ಲ.

"ನಡಿ ಮತ್ತೆ," ಅಂದಳು ಅವನ ಕಿವಿಯಲ್ಲಿ. "ಮುಂದಕ್ಕೆ."

ಆಂಬ್ರೋಸ್ ಹಿಡಿಯನ್ನು ಹಿಂದಕ್ಕೆ ಎಳೆದ.